ಕಬ್ಬಿಣಕ್ಕೆ ಅಪ್‌ಡೇಟ್ ಬರಲ್ಲ

ನಮ್ಮ ಸಾಫ್ಟ್‌ವೇರ್ ಬಳಗದಲ್ಲಿ ಕೆಲವರಿಗೆ ಒಂದು ಹುಚ್ಚಿದೆ. ಮೇಜಿನ ಮೇಲೆ ಕೂರುವಂಥ ಪುಟ್ಟ ಮಿಲ್ಲಿಂಗ್ ಮಷಿನ್ ತರೋದು, ಕೈಯಲ್ಲಿ ತಿರುಗಿಸೋ ಹ್ಯಾಂಡಲ್ ಬಿಚ್ಚಿ ಸ್ಟೆಪ್ಪರ್ ಮೋಟರ್ ಕೂರಿಸೋದು, ಒಂದು ಆರ್ಡುಯಿನೋಗೆ ಜಿಆರ್‌ಬಿಎಲ್ ಹಾಕಿ ಮನೆಯಲ್ಲೇ ಸಿಎನ್‌ಸಿ ಮಾಡ್ಕೊಳ್ಳೋದು. ನನಗೂ ಆ ಹುಚ್ಚಿದೆ. ತರೀಕೆರೆಯ ಮನೆಯಲ್ಲಿ ಅಡಿಕೆ ಮೂಟೆ ಇಡುವ ಕೋಣೆಯ ಮೂಲೆಯಲ್ಲಿ ಅಂಥದ್ದೊಂದು ನಿಂತಿದೆ. ಹಾಗಾಗಿ ಹುಚ್ಚನ್ನು ಬೈಯೋಕೆ ಹೊರಟಿಲ್ಲ. "ಮಷಿನ್ ಬರೀ ಡಬ್ಬಾ, ಬುದ್ಧಿಯೆಲ್ಲ ಕೋಡ್‌ನಲ್ಲಿದೆ" ಅನ್ನೋ ಧಿಮಾಕು ಇದೆಯಲ್ಲ, ನನ್ನ ಜಗಳ ಅದರ ಜೊತೆ.

ಲೆಕ್ಕ ನೋಡಿ. ಸಾಮಾನ್ಯ ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತೆ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ 8 ಭಾಗ ಮಾಡಿದರೆ 1600. ಸ್ಕ್ರೂ ಒಂದು ಸುತ್ತಿಗೆ ಟೇಬಲ್ಲನ್ನು 5 ಮಿಲಿಮೀಟರ್ ತಳ್ಳಿದರೆ, ಒಂದು ಮಿಲಿಮೀಟರಿಗೆ 320 ಹೆಜ್ಜೆ. ಅಂದರೆ ಒಂದು ಹೆಜ್ಜೆಗೆ ಸುಮಾರು 3 ಮೈಕ್ರಾನ್. ಸ್ಕ್ರೀನ್ ಮೇಲೆ ಈ ಅಂಕಿ ನೋಡಿದರೆ ಯಾರಿಗಾದರೂ ಎದೆ ಉಬ್ಬುತ್ತೆ.

ಈಗ ಟೇಬಲ್ಲಿಗೆ ಡಯಲ್ ಗೇಜ್ ಹಚ್ಚಿ, ಮೋಟರ್ ಹಿಂದಕ್ಕೆ ತಿರುಗಿಸಿ. ಸ್ಕ್ರೂಗೂ ನಟ್ಟಿಗೂ ನಡುವೆ 0.1 ಮಿಲಿಮೀಟರ್ ಸಡಿಲ ಇದ್ದರೆ 32 ಹೆಜ್ಜೆ ಗಾಳಿಗೆ ಹೋಯಿತು. ಮೋಟರ್ ತಿರುಗಿದೆ, ಟೇಬಲ್ ಅಲುಗಿಲ್ಲ, ಕಂಪ್ಯೂಟರ್ ಮಾತ್ರ ಅಲುಗಿದೆ ಅಂತ ನಂಬಿ ಕೂತಿದೆ. ಲೇತ್ ಅಂಗಡಿಯವರು ಇದಕ್ಕೆ "ಪ್ಲೇ" ಅಂತಾರೆ. ನೀವು ಕೊರೆದ ವೃತ್ತ ವೃತ್ತವಾಗಿ ಬರಲ್ಲ. ದಿಕ್ಕು ಬದಲಾಗುವ ನಾಲ್ಕೂ ಕಡೆ ಚಪ್ಪಟೆಯಾಗುತ್ತೆ.

"ಅಷ್ಟೇ ತಾನೆ? ದಿಕ್ಕು ಬದಲಾದಾಗ 32 ಹೆಜ್ಜೆ ಸೇರಿಸಿದರಾಯ್ತು" ಅಂತೀರಿ. ಲಿನಕ್ಸ್‌ಸಿಎನ್‌ಸಿಯಲ್ಲಿ ಆ ಸೌಲಭ್ಯ ಇದೆ. ಆದರೆ ಆ ತಿದ್ದುಪಡಿ ಟೇಬಲ್ ಎಲ್ಲಿರಬೇಕು ಅನ್ನೋದನ್ನು ಲೆಕ್ಕ ಹಾಕುತ್ತೆ, ಅಲ್ಲೇ ಹಿಡಿದು ನಿಲ್ಲಿಸಲ್ಲ. ಕಟರ್ ಲೋಹವನ್ನು ಕಚ್ಚಿ ಟೇಬಲ್ಲನ್ನು ತನ್ನ ಕಡೆಗೆ ಎಳೆದಾಗ, ಆ ಸಡಿಲದೊಳಗೆ ಟೇಬಲ್ ಜಿಗಿಯುತ್ತೆ, ಹಲ್ಲು ಮುರಿಯುತ್ತೆ. ಮೋಟರ್ ಹೆಜ್ಜೆ ತಪ್ಪಿದರೂ ಹಾಗೇ: ಇಂಥ ಸೆಟಪ್‌ನಲ್ಲಿ ಅದನ್ನು ವಾಪಸ್ ಬಂದು ಹೇಳೋರೇ ಇಲ್ಲ. ಸಾಫ್ಟ್‌ವೇರ್ ಆಜ್ಞೆ ಕೊಡುತ್ತೆ ಅಷ್ಟೇ. ಪಾಲನೆ ಆಗಬೇಕಾದ್ದು ಕಬ್ಬಿಣದಲ್ಲಿ.

ಆ ಕಬ್ಬಿಣ ಯಾರಿಗೆ ಗೊತ್ತು? ನಮ್ಮ ಕಡೆಯ ಲೇತ್ ಮೇಸ್ತ್ರಿಗೆ ಗೊತ್ತು. ಪಂಪ್‌ಸೆಟ್ಟಿನ ಶಾಫ್ಟು, ಅಡಿಕೆ ಸುಲಿಯೋ ಮಷಿನ್ನಿನ ಪುಲ್ಲಿ, ಟ್ರ್ಯಾಕ್ಟರಿನ ಪಿನ್ನು ಅಂತ ದಿನವಿಡೀ ಕಡೆಯುವ ಮನುಷ್ಯ. ಟೇಬಲ್ಲನ್ನು ಕೈಯಲ್ಲಿ ಅಲ್ಲಾಡಿಸಿ, "ಇದು ಸ್ಕ್ರೂದಲ್ಲ ಕಣಪ್ಪ, ಬೇರಿಂಗ್ ಸಡಿಲ ಐತೆ" ಅಂತಾರೆ. ಗಿಬ್ ಎಷ್ಟು ಬಿಗಿ ಮಾಡಿದರೆ ಟೇಬಲ್ ಅಲುಗದೆ ಜಾರುತ್ತೆ ಅನ್ನೋದು ಅವರ ಬೆರಳಿಗೆ ಗೊತ್ತು. ಇಂಥವರ ಹತ್ತಿರ ಮೋಟರ್ ಕೂರಿಸೋ ಪ್ಲೇಟು ಮಾಡಿಸೋಕೆ ಹೋಗಿ, "ಇಷ್ಟಕ್ಕೆಲ್ಲ ಇಷ್ಟೊಂದಾ?" ಅಂತ ಚೌಕಾಸಿ ಮಾಡ್ತೀವಿ. ನಮ್ಮ ಕೋಡಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಹಾಕೋ ಕಂಪನಿಗಳಲ್ಲಿ ಕೂತು!

ಬಿಇ ಮೊದಲ ವರ್ಷದ ವರ್ಕ್‌ಶಾಪ್ ನೆನಪಿಸಿಕೊಳ್ಳಿ. ಕಬ್ಬಿಣದ ಎರಡು ತುಂಡನ್ನು ಅರದಿಂದ ಉಜ್ಜಿ ಒಂದಕ್ಕೊಂದು ಕೂರಿಸಬೇಕಿತ್ತು. ಹಳೇ ಬ್ಯಾಚಿನ ತುಂಡನ್ನೇ ತೋರಿಸಿ ಸಹಿ ಹಾಕಿಸಿಕೊಂಡವರು ಎಷ್ಟು ಜನ ಅಂತ ನಿಮಗೇ ಗೊತ್ತು. ಅವರೂ ಇಂಜಿನಿಯರ್. ಐಟಿಐ ಓದಿದ ಟರ್ನರ್ ಮಾತ್ರ "ಮೆಕ್ಯಾನಿಕ್". ಈ ಮೇಲುಕೀಳನ್ನು ಯಾರು ಕೊಟ್ಟರು ಸ್ವಾಮಿ?

ಚರಿತ್ರೆಯಂತೂ ನಮ್ಮ ಧಿಮಾಕಿನ ಪರ ಇಲ್ಲ. 1952ರಲ್ಲಿ ಎಂಐಟಿಯಲ್ಲಿ ಪಂಚ್ ಮಾಡಿದ ಟೇಪ್ ಓದಿ ಓಡುವ ಮಿಲ್ಲಿಂಗ್ ಮಷಿನ್ ತೋರಿಸಿದರಲ್ಲ, ಅದು ಹೊಸ ಮಷಿನ್ ಆಗಿರಲಿಲ್ಲ. ಆಗಲೇ ಇದ್ದ ಸಿನ್ಸಿನಾಟಿ ಹೈಡ್ರೋಟೆಲ್‌ಗೆ ಕಂಟ್ರೋಲ್ ಜೋಡಿಸಿದ್ದು. ಗಟ್ಟಿ ಕಬ್ಬಿಣ ಮೊದಲು, ಬುದ್ಧಿ ಆಮೇಲೆ. ಬೆಂಗಳೂರು ಕೂಡ ಸಾಫ್ಟ್‌ವೇರ್ ಊರಾಗುವ ಮೊದಲು ಮಷಿನ್ ಟೂಲ್ ಊರಾಗಿತ್ತು. ಎಚ್‌ಎಂಟಿ ಶುರುವಾಗಿದ್ದು 1953ರಲ್ಲಿ. ಇನ್ನೂ ಹಿಂದಕ್ಕೆ ಹೋಗಬೇಕಾ? ತರೀಕೆರೆ ಪಕ್ಕದ ಅಮೃತಾಪುರಕ್ಕೆ ಬನ್ನಿ. 1196ರ ಹೊಯ್ಸಳ ಗುಡಿ. ಮಂಟಪದಲ್ಲಿ ಮುಖ ಕಾಣುವಷ್ಟು ನುಣುಪಾದ ಕಂಬಗಳು, ಕಲ್ಲನ್ನು ತಿರುಗಿಸಿ ಕಡೆದವು. ಕನ್ನಡದಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ವಿಗ್ರಹವನ್ನೂ ಕಡೆಯುತ್ತೇವೆ. ನುಡಿಗಿರುವ ಗೌರವ ನಮಗೆ ಯಾಕಿಲ್ಲ?

"ಒಂದು ಬ್ರಾಕೆಟ್ಟಿಗೆ ಇಷ್ಟೆಲ್ಲ ಯಾಕೆ? ಪೀಣ್ಯಕ್ಕೆ ಕೊಟ್ಟರೆ ಮುಗೀತು" ಅಂತ ಕೇಳೋರಿದ್ದಾರೆ. ನಿಜ. ಬ್ರಾಕೆಟ್ ಬೇಕಿದ್ದರೆ ಪೀಣ್ಯಕ್ಕೇ ಕೊಡಿ. ನಮಗಿಂತ ಚೆನ್ನಾಗಿ, ಕಡಿಮೆ ಖರ್ಚಿಗೆ ಮಾಡಿಕೊಡ್ತಾರೆ. ಮನೆಯ ಮಷಿನ್ ಕಲಿಯೋದಕ್ಕೆ. ಆದರೆ ಕಲಿತದ್ದು ಬಾಲ್ಕನಿಯಲ್ಲೇ ಉಳಿದರೆ ಅದು ದುಬಾರಿ ಆಟಿಕೆ.

ತಾಲ್ಲೂಕಿನ ಲೇತ್ ಅಂಗಡಿಗೆ ಹೊಸ ಸಿಎನ್‌ಸಿ ಅಂದರೆ ಲಕ್ಷಗಟ್ಟಲೆ ಸಾಲ. ಮಗ ಅಂಗಡಿಗೆ ಬರಲ್ಲ; ನಮ್ಮಂತೆ ಆಗು ಅಂತ ಅವನಿಗೆ ನಾವೇ ಹೇಳಿಕೊಟ್ಟಿದ್ದೀವಿ. ಅಪ್ಪನ ಜೊತೆ ಆ ಬೆರಳಿನ ಲೆಕ್ಕವೂ ಹೋಗುತ್ತೆ. ಹಳೇ ಗಟ್ಟಿ ಮಿಲ್ಲಿಂಗ್ ಮಷಿನ್ ಮಾತ್ರ ಅಂಗಡಿಯಲ್ಲಿ ಹಾಗೇ ನಿಂತಿರುತ್ತೆ. ಮೋಟರ್ ದೊಡ್ಡದು ಬೇಕು, ಖರ್ಚೂ ಹೆಚ್ಚು. ಆದರೆ ಮಾಡುವ ಕ್ರಮ ನಾವು ಮನೆಯಲ್ಲಿ ಕಲಿತದ್ದೇ.

ಅದಕ್ಕೇ ಹೇಳೋದು: ಹ್ಯಾಂಡಲ್ ಬಿಚ್ಚುವ ಮೊದಲು ಆರು ತಿಂಗಳು ಕೈಯಲ್ಲೇ ತಿರುಗಿಸಿ. ಮೇಸ್ತ್ರಿ ಕೇಳಿದ ದುಡ್ಡನ್ನು ಮಾತಿಲ್ಲದೆ ಕೊಡಿ. ಮೊದಲ ಮಷಿನ್ ನಿಮ್ಮದಾಗಲಿ. ಎರಡನೆಯದು ಅವರ ಅಂಗಡಿಯದಾಗಲಿ. ಅವರ ಜೊತೆ ನಿಂತು, ಅವರ ಮಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ. ಅವತ್ತು ಕಾರ್ಡಿನ ಮೇಲೆ ಇಂಜಿನಿಯರ್ ಅಂತ ಧೈರ್ಯವಾಗಿ ಹಾಕಿಸಿಕೊಳ್ಳಿ.