ಅಧ್ಯಯನದ ಋಣ ತೀರಿಸುವ ಸಮಾಜಶಾಸ್ತ್ರ ಬೇಕು

ಒಂದು ಸಮುದಾಯದ ಬಗ್ಗೆ ಹೊರಗಿನವರು ಬರೆದಿಟ್ಟ ಮಾತು ಆ ಸಮುದಾಯದ ಹಣೆಬರಹವನ್ನೇ ಬರೆದುಬಿಡುವುದುಂಟು. 1965ರಲ್ಲಿ ಎರಡು ದೇಶಗಳಲ್ಲಿ ಅಂಥ ಎರಡು ವರದಿಗಳು ಬಂದವು. ಅಮೆರಿಕದಲ್ಲಿ ಡೇನಿಯಲ್ ಮೊಯ್ನಿಹಾನ್ ಸಿದ್ಧಪಡಿಸಿದ ಸರ್ಕಾರಿ ವರದಿ ಕಪ್ಪು ಜನರ ಕುಟುಂಬವನ್ನೇ ರೋಗಗ್ರಸ್ತವೆಂದು ಬಣ್ಣಿಸಿತು; ಹೆಂಗಸರೇ ಮನೆಯ ಯಜಮಾನಿಕೆ ನಡೆಸುವುದನ್ನು ದೊಡ್ಡ ದೋಷವೆಂದು ಎಣಿಸಿತು. ಇತ್ತ ನಮ್ಮಲ್ಲಿ ಲೋಕೂರ್ ಸಮಿತಿ, ಪರಿಶಿಷ್ಟ ಪಂಗಡವನ್ನು ಗುರುತಿಸಲು ಐದು ಮಾನದಂಡಗಳನ್ನು ಹಾಕಿಕೊಟ್ಟಿತು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಜನರೊಂದಿಗೆ ಬೆರೆಯಲು ಅಂಜಿಕೆ ಮತ್ತು ಹಿಂದುಳಿದಿರುವಿಕೆ. ಆಫ್ರಿಕಾ ಮೂಲದ, ಉತ್ತರ ಕನ್ನಡದ ಸಿದ್ದಿಗಳಿಗೆ ಈ ಮಾನ್ಯತೆ ದೊರೆತದ್ದು 2003ರಲ್ಲಿ. ಮಗಳಿಗೆ ಹಾಸ್ಟೆಲ್ಲಿನಲ್ಲಿ ಜಾಗ ಸಿಗಲಿ ಎಂದು ಬಯಸುವ ಸಿದ್ದಿ ತಾಯಿ, ತನ್ನ ಕುಲ 'ಆದಿಮ'ವೆಂದು ಕಡತದಲ್ಲಿ ಸಾಬೀತಾಗುವವರೆಗೆ ಕಾಯಬೇಕಾಯಿತು. ಇಂಥ ಕಡತಗಳಿಗೆ ಒದಗುವುದು ಸಮಾಜಶಾಸ್ತ್ರಜ್ಞರ, ಮಾನವಶಾಸ್ತ್ರಜ್ಞರ ಬರವಣಿಗೆಯೇ. ಹಾಗಾಗಿ ಸಿದ್ದಿ ಮಹಿಳೆಯರ ಬದುಕನ್ನು ಯಾರು, ಯಾವ ಕಣ್ಣಿನಿಂದ, ಯಾರಿಗಾಗಿ ಬರೆಯುತ್ತಾರೆ ಎಂಬುದು ವಿಶ್ವವಿದ್ಯಾಲಯದ ಗೋಡೆಯೊಳಗೆ ಮುಗಿಯುವ ಪ್ರಶ್ನೆಯಲ್ಲ.

ಮೊಯ್ನಿಹಾನ್ ವರದಿಗೆ ಗಟ್ಟಿ ಉತ್ತರ ಕೊಟ್ಟವರಲ್ಲಿ ಸಮಾಜಶಾಸ್ತ್ರಜ್ಞೆ ಜಾಯ್ಸ್ ಲ್ಯಾಡ್ನರ್ ಒಬ್ಬರು. 1943ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಈ ಕಪ್ಪು ಹೆಣ್ಣುಮಗಳು ವಿದ್ಯಾರ್ಥಿ ದೆಸೆಯಲ್ಲೇ ನಾಗರಿಕ ಹಕ್ಕುಗಳ ಚಳವಳಿಗೆ ಧುಮುಕಿದರು. ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ ಎಂಬ ಬಡವರ ವಸತಿ ಸಮುಚ್ಚಯದಲ್ಲಿ ಹದಿಹರೆಯದ ಕಪ್ಪು ಹುಡುಗಿಯರ ನಡುವೆ ಸಂಶೋಧನೆ ನಡೆಸಿ, 1971ರಲ್ಲಿ 'ಟುಮಾರೋಸ್ ಟುಮಾರೋ' ಪುಸ್ತಕ ಪ್ರಕಟಿಸಿದರು. ಈ ಹುಡುಗಿಯರನ್ನು 'ದಾರಿ ತಪ್ಪಿದವರು' ಎಂದು ನೋಡುವುದನ್ನೇ ತನಗೂ ಕಲಿಸಲಾಗಿತ್ತು, ಆ ಕಲಿಕೆಯನ್ನು ಬದಿಗಿಡದೆ ಅವರ ಬದುಕು ಅರ್ಥವಾಗದು ಎಂಬುದು ಅವರ ನಿಲುವು. ಬಡತನ ಮತ್ತು ಜನಾಂಗದ್ವೇಷದ ನಡುವೆ ಆ ಹೆಣ್ಣುಮಕ್ಕಳು ಕಟ್ಟಿಕೊಂಡ ನಂಟು, ಛಲ, ಹೊಣೆಗಾರಿಕೆಗಳನ್ನು ಲ್ಯಾಡ್ನರ್ ಸಂಸ್ಕೃತಿಯೆಂದು ಓದಿದರು. ರೋಗ ಇರುವುದು ಅವರನ್ನು ಅಲ್ಲಿಗೆ ನೂಕಿದ ವ್ಯವಸ್ಥೆಯಲ್ಲಿ ಎಂದರು. ಪುಸ್ತಕದ ಕೀರ್ತಿಯಿಂದಷ್ಟೇ ಅವರು ತೃಪ್ತರಾಗಲಿಲ್ಲ. ಕಪ್ಪು ಜನರ ಹೆಮ್ಮೆಯ ಹೊವಾರ್ಡ್ ವಿಶ್ವವಿದ್ಯಾಲಯವನ್ನು 1994–95ರಲ್ಲಿ ಹಂಗಾಮಿ ಅಧ್ಯಕ್ಷೆಯಾಗಿ ಮುನ್ನಡೆಸಿದರು. ಆರ್ಥಿಕವಾಗಿ ಕುಸಿದಿದ್ದ ವಾಷಿಂಗ್ಟನ್ ನಗರಾಡಳಿತವನ್ನು ಸರಿದಾರಿಗೆ ತರುವ ಮಂಡಳಿಯಲ್ಲೂ ದುಡಿದರು. ಅಧ್ಯಯನ ಮತ್ತು ಸೇವೆ ಅವರ ಬದುಕಿನಲ್ಲಿ ಬೇರೆ ಬೇರೆ ಆಗಿರಲೇ ಇಲ್ಲ.

ನಮ್ಮ ಸಿದ್ದಿಗಳ ಬಗ್ಗೆಯೂ ಒಳ್ಳೆಯ ಅಧ್ಯಯನಗಳು ನಡೆದಿವೆ. ಟಿ.ಸಿ. ಪಾಲಾಕ್ಷಪ್ಪ ಅವರ ಪುಸ್ತಕ 1976ರಲ್ಲೇ ಬಂತು. ಜೀತವಿಮುಕ್ತಿಗಾಗಿ ದುಡಿಯುತ್ತಿರುವ 'ಜೀವಿಕ' ಸಂಘಟನೆಯ ಕಿರಣ್ ಕಮಲ್ ಪ್ರಸಾದ್ 2005ರಲ್ಲಿ ಸಿದ್ದಿಗಳ ಬಗ್ಗೆ ವಿಸ್ತಾರವಾದ ಗ್ರಂಥ ಹೊರತಂದರು. ಘಾನಾ ಮೂಲದ ವಿದ್ವಾಂಸ ಪಾಶಿಂಗ್ಟನ್ ಒಬೆಂಗ್ ಅವರ ಕೃತಿ ಬಂದದ್ದು 2007ರಲ್ಲಿ. ಆದರೆ ಸಿದ್ದಿ ಹೆಂಗಸರ ಕೈಕೆಲಸಕ್ಕೆ ಜಗತ್ತಿನ ಕಣ್ಣು ತೆರೆಸಿದ್ದು ಅವರ ಕೌದಿ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಜೋಡಿಸುತ್ತ, ಸಾಲುಸಾಲಾಗಿ ಕೈಹೊಲಿಗೆ ಹಾಕಿ, ನಾಲ್ಕು ಮೂಲೆಗೂ ಹೂವಿನಂಥ ಮಡಿಕೆಗಳನ್ನಿಟ್ಟು ಮುಗಿಸುವ ಕಲೆ ಇದು. ಮೂಲೆಯ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ಅಭ್ಯಾಸ ಮಾಡಿದ್ದಷ್ಟೇ ಅಲ್ಲ, 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ರೂಪುಗೊಳ್ಳಲು ನೆರವಾದರು. ಹೊಲಿದವರಿಗೆ ದುಡ್ಡೂ ಬಂತು, ಕಲಾವಿದೆಯರೆಂಬ ಹೆಸರೂ ಬಂತು. ಸಂಶೋಧನೆಯ ಫಲ ಸಂಶೋಧನೆಗೆ ಒಳಗಾದವರ ಮನೆ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇಷ್ಟಾದರೂ ಮೇಲೆ ಹೆಸರಿಸಿದವರಲ್ಲಿ ಒಬ್ಬರೂ ಸಿದ್ದಿ ಮಹಿಳೆಯಲ್ಲ ಎಂಬ ಕೊರತೆ ಉಳಿದೇ ಇದೆ.

ಸೇವೆಗೆ ಇಳಿದ ವಿದ್ವಾಂಸರು ನಿಷ್ಪಕ್ಷಪಾತತೆ ಕಳೆದುಕೊಳ್ಳುತ್ತಾರೆ ಎಂಬ ಆಕ್ಷೇಪ ಹಳೆಯದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ತಾವು ಪ್ರೀತಿಸುವ ಜನರ ಬಗ್ಗೆ ಕಹಿಸತ್ಯ ಬರೆಯುವುದು ಯಾರಿಗೂ ಕಷ್ಟ. ಆದರೆ ದೂರ ನಿಂತವರು ಬರೆದದ್ದೆಲ್ಲ ಸತ್ಯವಾಗಿತ್ತೇ? ನೆರೆಯ ಆಂಧ್ರವನ್ನೇ ನೋಡೋಣ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಹಿಂದೆ ಇದ್ದದ್ದು, ಕೆಲವು ಜಾತಿಗಳು ಹುಟ್ಟಿನಿಂದಲೇ ಅಪರಾಧಿಗಳು ಎಂಬ ಬ್ರಿಟಿಷ್ ಅಧಿಕಾರಿಗಳ 'ವೈಜ್ಞಾನಿಕ' ನಂಬಿಕೆ. ಆ ನಂಬಿಕೆಯ ಹೆಸರಿನಲ್ಲೇ ಬಾಪಟ್ಲ ಬಳಿಯ ಸ್ಟುವರ್ಟ್‌ಪುರಂನಲ್ಲಿ ಎರುಕಲ ಕುಟುಂಬಗಳನ್ನು ಕೂಡಿಹಾಕಲಾಯಿತು. ಸ್ವಾತಂತ್ರ್ಯಾನಂತರ ಕಾಯ್ದೆ ರದ್ದಾದರೂ ಕಳಂಕ ಹೋಗಲಿಲ್ಲ. 1970ರ ದಶಕದಲ್ಲಿ ವಿಜಯವಾಡದ ನಾಸ್ತಿಕ ಕೇಂದ್ರದ ಲವಣಂ ಅವರೂ ಕವಿ ಗುರ್ರಂ ಜಾಷುವಾ ಅವರ ಮಗಳಾದ ಹೇಮಲತಾ ಲವಣಂ ಅವರೂ ಆ ಜನರ ನಡುವೆ ದುಡಿಯತೊಡಗಿದರು. ಹೇಮಲತಾ ಮುಂದೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಜೋಗಿನಿ ಪದ್ಧತಿಯ ವಿರುದ್ಧವೂ ನಿಂತರು. ಅವರು ಸಮಾಜಶಾಸ್ತ್ರದ ಪ್ರಾಧ್ಯಾಪಕಿಯಾಗಿರಲಿಲ್ಲ. ಆದರೂ ಆ ಜನರನ್ನು ಹುಟ್ಟುಕಳ್ಳರೆಂದು ದಾಖಲಿಸಿದವರಿಗಿಂತ ಅವರ ತಿಳಿವಳಿಕೆ ಸತ್ಯಕ್ಕೆ ಹತ್ತಿರವಿತ್ತು. ಕಾಳಜಿಯಿಂದ ಸತ್ಯ ಕೆಡುವುದಿಲ್ಲ. ಪ್ರಶ್ನೆಗೆ ಒಡ್ಡಿಕೊಳ್ಳದ ಪೂರ್ವಗ್ರಹದಿಂದ ಕೆಡುತ್ತದೆ.

ಸಂಸ್ಕೃತಿಯನ್ನು ಕೊಂಡಾಡುತ್ತ ಕುಳಿತರೆ ಬಡತನ ಮರೆಯಾಗುತ್ತದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಹೆಚ್ಚಿನ ತೂಕವಿದೆ. ಸಿದ್ದಿಗಳ ಡಮಾಮಿ ವಾದ್ಯದ ಕುಣಿತವನ್ನು ಉತ್ಸವದ ವೇದಿಕೆಗೆ ಕರೆಸಿ ಚಪ್ಪಾಳೆ ತಟ್ಟುವ ನಾವು, ಕುಣಿದವರ ಜಮೀನಿನ ಹಕ್ಕುಪತ್ರದ ಬಗ್ಗೆ ಕೇಳುವುದಿಲ್ಲ. ಇದಕ್ಕೆ ಪರಿಹಾರ ಸಂಸ್ಕೃತಿಯ ಅಧ್ಯಯನವನ್ನು ಕೈಬಿಡುವುದಲ್ಲ, ಪೂರ್ತಿ ಮಾಡುವುದು. ಹೊಸ ಬಟ್ಟೆ ಕೊಳ್ಳಲಾಗದ ಮನೆಯಲ್ಲೇ ಹಳೆಯ ಬಟ್ಟೆಯ ಕೌದಿ ಕಲೆಯಾಗಿ ಬೆಳೆಯಿತು. ಕೌದಿಯನ್ನು ಪ್ರಾಮಾಣಿಕವಾಗಿ ಓದುವವರು ಕೂಲಿ, ಕಾಡು, ಸಾಲ, ಜೀತಗಳನ್ನೂ ಓದಲೇಬೇಕು.

ಆಗಬೇಕಾದ ಕೆಲಸ ಸ್ಪಷ್ಟವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಗಳು ಸಿದ್ದಿ ಹೆಣ್ಣುಮಕ್ಕಳಿಗೆ ಸಂಶೋಧನಾ ವೇತನ ಮೀಸಲಿಡಲಿ. ಸಿದ್ದಿಗಳ ಬಗ್ಗೆ ನಡೆಯುವ ಪ್ರತಿ ಅಧ್ಯಯನವೂ ಕನ್ನಡದಲ್ಲಿ ಅಚ್ಚಾಗಿ, ಯಲ್ಲಾಪುರ, ಹಳಿಯಾಳದ ಗ್ರಂಥಾಲಯಗಳಿಗೆ ಮೊದಲು ತಲುಪಲಿ. ಅಧ್ಯಯನಕ್ಕೆ ಊರಿಗೆ ಹೋದವರು ತಾವು ಬರೆದದ್ದನ್ನು ಅಲ್ಲಿನ ಹೆಂಗಸರ ಮುಂದೆ ಓದಿ, ಅವರ ತಕರಾರನ್ನೂ ಪುಸ್ತಕದಲ್ಲಿ ಸೇರಿಸಲಿ. ಲ್ಯಾಡ್ನರ್ ಅಂಥವರು ತಾವಾಗಿ ಹುಟ್ಟಿಬರುವುದಿಲ್ಲ. ಓದಲು ಅವಕಾಶ, ಬರೆಯಲು ಧೈರ್ಯ, ಕೇಳಿಸಿಕೊಳ್ಳುವ ಸಮಾಜ ಮೂರೂ ಇದ್ದಲ್ಲಿ ಬೆಳೆಯುತ್ತಾರೆ. ಆ ಮೂರನ್ನೂ ಸಿದ್ದಿ ಹೆಣ್ಣುಮಕ್ಕಳಿಗೆ ಒದಗಿಸುವುದು ಕರ್ನಾಟಕದ ಹೊಣೆ.