ಗಿಲೀಟಿಗೂ ಒಂದು ಚರಿತ್ರೆಯುಂಟು

'ಗಿಲೀಟು' ಎಂಬ ಮಾತು ನಮ್ಮಲ್ಲಿ ಬೈಗುಳವಾಗಿ ಬಳಕೆಯಾಗುತ್ತಿದೆ. ಚಿನ್ನವಲ್ಲದ ಒಡವೆ ಸುಳ್ಳು ಒಡವೆ. ಅದನ್ನು ತೊಡುವುದು ಬಡತನದ, ಇಲ್ಲವೆ ವಂಚನೆಯ ಗುರುತು. ವಿದ್ಯಾವಂತರಲ್ಲಿಯೂ ಬೇರೂರಿರುವ ಈ ಭಾವನೆ ಕೇವಲ ಅವಿಚಾರದ್ದೆಂಬುದು ನನ್ನ ವಾದ.

ಇಂತಹ ಒಡವೆಗೆ ಮರ್ಯಾದೆ ದೊರಕಿಸಿಕೊಟ್ಟ ಪಾಶ್ಚಾತ್ಯರನ್ನು ನೋಡಿ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಒಡವೆಗಾರ ಸ್ಟ್ರಾಸ್ ಸೀಸ ಬೆರೆತ ಗಾಜಿನಿಂದ ವಜ್ರದ ಹೊಳಪನ್ನು ತೆಗೆದಾಗ ಅದು ಅನುಕರಣವೇ ಆಗಿತ್ತು, ಒಪ್ಪೋಣ. ಆದರೆ 1920ರ ದಶಕದಲ್ಲಿ ಕೊಕೊ ಶನೆಲ್ ಕೃತಕ ಮುತ್ತಿನ ಸರಗಳನ್ನು ನಿಜವಾದ ರತ್ನಗಳೊಡನೆ ಬೆರೆಸಿ ರಾಜಾರೋಷವಾಗಿ ತೊಟ್ಟರು. ಮುಚ್ಚಿಡದ ಮೇಲೆ ಅದು ವಂಚನೆಯಾಗುವುದು ಹೇಗೆ? 1938ರಲ್ಲಿ ಎಲ್ಸಾ ಸ್ಕಿಯಾಪರೆಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಕಂಠಿಯ ಮೇಲೆ ಬಣ್ಣ ಬಣ್ಣದ ಲೋಹದ ಕೀಟಗಳನ್ನು ಕೂರಿಸಿದರು. ಅದು ಯಾವ ಚಿನ್ನದ ನಕಲು?

ಈ ಒಡವೆಗಳಲ್ಲಿ ಕಾಲದ ಗುರುತನ್ನು ಓದಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸರಕಾರ ಕೆಲವು ಲೋಹಗಳನ್ನು ಯುದ್ಧದ ಕೆಲಸಕ್ಕೆ ಕಾದಿರಿಸಿತು. ಒಡವೆ ತಯಾರಕರು ಬೆಳ್ಳಿಯನ್ನು ಹಿಡಿದು, ಅದಕ್ಕೆ ಚಿನ್ನದ ನೀರು ಹಾಯಿಸಿದರು. ಆ ವರ್ಷಗಳ ಎಷ್ಟೋ ಗಿಲೀಟಿನ ಒಳಗಿರುವುದು ಬೆಳ್ಳಿ! 1947ರಲ್ಲಿ ಕ್ರಿಸ್ತಿಯಾನ್ ದಿಯೋರ್ ಸಣ್ಣ ನಡುವಿನ, ಹರವಾದ ಲಂಗದ ಉಡುಪನ್ನು ತಂದಾಗ ಯುದ್ಧಕಾಲದ ಬಿಗಿ ಸಡಿಲಿತು. ಗಾಜಿನ ಹರಳುಗಳು ಮತ್ತೆ ಥಳಥಳಿಸಿದವು. 1955ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಟ್ರೈಫಾರಿ ಸಂಸ್ಥೆ ಹೂಡಿದ ದಾವೆಯಲ್ಲಿ, ಇಂತಹ ಒಡವೆಗೂ ಕಲಾಕೃತಿಯೆಂಬ ನೆಲೆಯಲ್ಲಿ ಕೃತಿಸ್ವಾಮ್ಯ ಸಲ್ಲುವುದೆಂದು ಹೇಳಿತು. ನ್ಯಾಯಾಧೀಶರಿಗೆ ಕಂಡದ್ದು ನಮಗೇಕೆ ಕಾಣಬಾರದು?

"ಆಪತ್ತಿಗಾಗುವುದು ಚಿನ್ನವೇ ಅಲ್ಲವೆ?" ಎಂದು ಚಿನ್ನದ ಪಕ್ಷದವರು ಕೇಳಬಹುದು. ನಿಜ, ಆದರೆ ಅದು ಹಣದ ಮಾತು, ಸೌಂದರ್ಯದ ಮಾತಲ್ಲ. ಅಡವಿಡುವಾಗ ಬೆಲೆ ಬರುವುದು ತೂಕಕ್ಕೆ; ಕುಸುರಿಗಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯ ಅಡ್ಡಿಕೆ ಮೊಮ್ಮಗಳ ಮದುವೆಗೆಂದು ಅಕ್ಕಸಾಲಿಗನ ಮೂಸೆಗೆ ಬೀಳುತ್ತದೆ, ಹೊಸ ನೆಕ್ಲೇಸಾಗಿ ಹೊರಬರುತ್ತದೆ. ಚಿನ್ನ ಉಳಿಯಿತು, ಅದನ್ನು ಗೆಯ್ದ ಕೈಯ ಗುರುತು ಅಳಿಯಿತು. ಇದನ್ನು ನಾವು ಒಡವೆಯ ಮೇಲಣ ಪ್ರೀತಿಯೆನ್ನುತ್ತೇವೆ! ಕರಗಿಸಿದರೆ ಕಾಸು ಹುಟ್ಟದ ಗಿಲೀಟು ಮಾತ್ರ ಪೆಟ್ಟಿಗೆಯ ಮೂಲೆಯಲ್ಲಿ ಉಳಿದುಕೊಂಡು ತನ್ನ ಕಾಲಕ್ಕೆ ಸಾಕ್ಷಿ ಹೇಳುತ್ತದೆ.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ಹಳೆಯ ಗಿಲೀಟು ಸರವನ್ನು ಎಸೆಯುವ ಮೊದಲು ಅದನ್ನು ತಿರುಗಿಸಿ ನೋಡಿರಿ: ಹರಳು ಕೂರಿಸಿದ ಬಗೆ, ಕೊಂಡಿಯ ಕೆಲಸ, ಮಾಡಿದವರ ಮುದ್ರೆ. ಒರೆಗಲ್ಲು ಲೋಹವನ್ನಷ್ಟೇ ಪರೀಕ್ಷಿಸಬಲ್ಲದು. ಕಲೆಯ ಪರೀಕ್ಷೆಗೆ ಕಣ್ಣು ಬೇಕು.