ಪೊಲೆ ಪೊಲೆ, ನಿಧಾನ ನಿಧಾನ



ಟಾಂಜಾನಿಯಾದ ಕಿಲಿಮಂಜಾರೋ ಆಫ್ರಿಕಾದಲ್ಲೇ ಅತಿ ಎತ್ತರದ ಪರ್ವತ. ಸುಪ್ತ ಜ್ವಾಲಾಮುಖಿಯಾದ ಇದರ ತುದಿ 5,895 ಮೀಟರ್. ಹಗ್ಗ ಹಿಡಿದು ಏರಬೇಕಾಗಿಲ್ಲ, ನಡೆದೇ ಹೋಗಬಹುದು. ಆದ್ದರಿಂದಲೇ ಅನೇಕರು ಸುಲಭವೆಂದು ತಿಳಿದು ಮೋಸ ಹೋಗುತ್ತಾರೆ.

ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರತೀರದಲ್ಲಿ ಸಿಗುವುದರ ಅರ್ಧದಷ್ಟು ಮಾತ್ರ. ಮೈ ಇದಕ್ಕೆ ಒಗ್ಗಲು ದಿನಗಳು ಬೇಕು. ಎಷ್ಟೇ ಗಟ್ಟಿಮುಟ್ಟಾದ ತರುಣರಿಗೂ ಇದರಿಂದ ವಿನಾಯಿತಿ ಇಲ್ಲ.

ನಿಮ್ಮ ಮನೆಯ ಮಗನೋ ಮಗಳೋ ಹೊರಡುವುದಾದರೆ ಮೊದಲು ಕೇಳಿ: "ಎಷ್ಟು ದಿನದ ಪ್ರಯಾಣ?" ಐದು ದಿನದ್ದು ಅಗ್ಗ, ಏಳೆಂಟು ದಿನದ್ದು ಕ್ಷೇಮ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿರುವುದು ಒಳ್ಳೆಯದು. ಮೂರು-ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿಯೂ ಬೇಕು. ಮಚಾಮೆ ದಾರಿಯಲ್ಲಿ ಹಗಲು ಸುಮಾರು 4,600 ಮೀಟರ್ ಎತ್ತರದ ಲಾವಾ ಟವರ್‌ವರೆಗೆ ಏರಿ, ರಾತ್ರಿ ಸುಮಾರು 3,900 ಮೀಟರಿನ ಬರಾಂಕೊದಲ್ಲಿ ಮಲಗುತ್ತಾರೆ. ಮೈ ಒಗ್ಗಿಸುವ ಉಪಾಯ ಇದೇ. ಅಲ್ಲಿನ ಮಾರ್ಗದರ್ಶಿಗಳು ಸ್ವಾಹಿಲಿಯಲ್ಲಿ 'ಪೊಲೆ ಪೊಲೆ' ಎನ್ನುತ್ತಿರುತ್ತಾರೆ. ಎಂದರೆ, ನಿಧಾನ, ನಿಧಾನ.

ತಲೆನೋವು, ವಾಕರಿಕೆ ಬಂದರೆ ಮರೆಮಾಡದೆ ಹೇಳಬೇಕು. ಅದು ಇಳಿಯುವವರೆಗೆ ಮೇಲೇರಬಾರದು. ಹೆಜ್ಜೆ ತಪ್ಪಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ನಡುರಾತ್ರಿಯಾದರೂ ತಕ್ಷಣ ಕೆಳಗಿಳಿಸಬೇಕು. ಅಸೆಟಜೋಲಮೈಡ್ ಮಾತ್ರೆ ವೈದ್ಯರನ್ನು ಕೇಳದೆ ಬೇಡ.

1889ರಲ್ಲಿ ಈ ತುದಿ ಮುಟ್ಟಿದ ಹಾನ್ಸ್ ಮೇಯರ್ 1887ರಲ್ಲಿ ಅರ್ಧದಿಂದಲೇ ಹಿಂದಿರುಗಿದ್ದರು. ಖರ್ಚು ಮಾಡಿದ ಹಣದ ಮುಖ ನೋಡಿ ಯಾರೂ ಜೀವ ಪಣಕ್ಕಿಡಬಾರದು. ಹೊರಡುವ ಮಕ್ಕಳಿಗೆ ಇಷ್ಟು ಹೇಳಿ ಕಳುಹಿಸಿ: "ತುದಿ ಮುಟ್ಟದಿದ್ದರೂ ಚಿಂತೆಯಿಲ್ಲ, ಮನೆ ಮುಟ್ಟು."